ಬಾಳೆಗೆ ಬಂಚಿ ಟಾಪ್, ಪಕ್ಕದ ಮನೆ ಬುಡ, ಮತ್ತೆ ಮಗೀ ಅನ್ನುವ ಒಬ್ಬ ವಿಜ್ಞಾನಿ (ಉಡುಪಿ-ಮಂಗಳೂರು ಬದಿಯ ತೋಟದವರು ಓದಿ)

ಹಿರಿಯಡ್ಕ_ತೋಟ:

ಎಲ್ಲರಿಗೂ ನಮಸ್ಕಾರ. ಉದ್ದ ಆಗ್ತದೆ, ಪುರುಸೊತ್ತಲ್ಲಿ ಓದಿ. ನಮ್ದು ಹಿರಿಯಡ್ಕ ಹತ್ರ ಅಡಿಕೆ ತೋಟ, ಮಧ್ಯೆ ಬಾಳೆ, ಹೆಚ್ಚಿನದ್ದು ಕದಳಿ, ತೋಡಿನ ಬದಿಗೆ ಒಂದು ಸಾಲು ನೇಂದ್ರ, ಎಲ್ಲ ಸೇರಿ 140 ಬುಡ ಇತ್ತು. ಈಗ ಅದ್ರಲ್ಲಿ 31 ಬುಡ ಅಗೆದು ತೆಗ್ದಾಗಿದೆ. ಶುರುವಾದದ್ದು ನೇಂದ್ರ ಸಾಲಿಂದ. ಹೊಸ ಎಲೆ ಉದ್ದ ಬರ್ಲೇ ಇಲ್ಲ, ಗಿಡ್ಡ ಗಿಡ್ಡ, ನೆಟ್ಟಗೆ ಮೇಲೆ ನಿಲ್ತದೆ, ಅಂಚು ಹಳದಿ, ಎಲ್ಲ ತುದೀಲಿ ಒಟ್ಟಾಗಿ ಹಿಡಿಸೂಡಿ ತಲೆಕೆಳಗೆ ಮಾಡಿ ನಿಲ್ಲಿಸಿದ ಹಾಗೆ ಕಾಣ್ತದೆ, ಮಡಚಿದ್ರೆ ಪಟ್ಟಂತ ಮುರೀತದೆ. ನಾನು ಗೊಬ್ಬರ ಕಮ್ಮಿ ಆಯ್ತು ಅಂತ ಹಟ್ಟಿಗೊಬ್ಬರ ಹಾಕಿದೆ, ಬೂದಿ ಹಾಕಿದೆ, ಒಬ್ರು ಝಿಂಕ್ ಕಮ್ಮಿ ಅಂದ್ರು ಅದೂ ಹಾಕಿದೆ. ಎರಡು ತಿಂಗಳು ಹೀಗೇ ಹೋಯ್ತು. ಆ ಎರಡು ತಿಂಗಳೇ ನಾನು ಮಾಡಿದ ದೊಡ್ಡ ತಪ್ಪು ಅಂತ ಈಗ ಗೊತ್ತಾಗ್ತಿದೆ, ಯಾಕಂದ್ರೆ ಅಷ್ಟ್ರಲ್ಲಿ ಅದು ಕದಳಿಗೆ ದಾಟಿತ್ತು. ಕೊನೆಗೆ ಎಲೆ ಕಟ್ಟಿಕೊಂಡು ಬ್ರಹ್ಮಾವರ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆ. ಅಲ್ಲಿ ನೋಡಿದ ಕೂಡ್ಲೇ ಬಂಚಿ ಟಾಪ್, ವೈರಸ್, ಮದ್ದಿಲ್ಲ, ಗಡ್ಡೆ ಸಮೇತ ತೆಗೀಬೇಕು ಅಂದ್ರು.

ಮದ್ದಿಲ್ಲ ಅನ್ನುವ ಮಾತು ಕೇಳಿ ಮನೆಗೆ ಬಂದು ನಿದ್ದೆ ಬರ್ಲಿಲ್ಲ. ಕೂತು ಓದ್ತಾ ಓದ್ತಾ ಒಬ್ಬ ಮನುಷ್ಯನ ಕತೆ ಸಿಕ್ಕಿತು, ಅದನ್ನ ಹೇಳ್ಲಿಕ್ಕೇ ಇಲ್ಲಿ ಬರೀತಿರುದು.

1913ರಲ್ಲಿ ಫಿಜಿಯಿಂದ ತಂದ ಬಾಳೆ ಕಂದಿನ (ಬುಡದಿಂದ ಏಳುವ ಮರಿ ಗಿಡ) ಜೊತೆ ಈ ರೋಗ ಆಸ್ಟ್ರೇಲಿಯಕ್ಕೆ ಹೋಯ್ತಂತೆ. ಹತ್ತು-ಹನ್ನೆರಡು ವರ್ಷದಲ್ಲಿ ನ್ಯೂ ಸೌತ್ ವೇಲ್ಸ್‌ನ ಟ್ವೀಡ್, ಬ್ರನ್ಸ್‌ವಿಕ್ ಅನ್ನುವ ಕಡೆ ಬಾಳೆ ತೋಟಗಳು ಹೆಚ್ಚಿನಂಶ ನಾಶ, ಜನ ಜಾಗ ಬಿಟ್ಟು ಹೋದ್ರು. ಮಣ್ಣಿನ ದೋಷ ಇರ್ಬಹುದು, ಶಿಲೀಂಧ್ರ ಇರ್ಬಹುದು ಅಂತೆಲ್ಲ ಹುಡುಕಿ ಏನೂ ಸಿಕ್ಕಿರ್ಲಿಲ್ಲ. ಆಗ ಸರ್ಕಾರದವರು ಒಂದು ಸಮಿತಿ ಮಾಡಿದ್ರು, ಅದ್ರಲ್ಲಿ ಸಿ.ಜೆ.ಪಿ. ಮಗೀ ಅಂತ ಒಬ್ಬ ಹರೆಯದ ಸಸ್ಯರೋಗ ವಿಜ್ಞಾನಿ. ಬಾಳೆ ಬುಡದಲ್ಲಿ, ಒಣಗಿದ ಎಲೆ ಸಿಪ್ಪೆ ಒಳಗೆ ಕಪ್ಪು ಮಿಶ್ರಿತ ಕಂದು ಬಣ್ಣದ ಚಿಕ್ಕ ಹೇನು ಇರ್ತದಲ್ಲ, ಇರುವೆ ಮುತ್ತಿಕೊಂಡು ಇರ್ತದೆ, ನಾವು ದಿನಾ ನೋಡ್ತೇವೆ ಆದ್ರೆ ಲೆಕ್ಕಕ್ಕೇ ಇಡುದಿಲ್ಲ, ಆ ಹೇನೇ ಇದನ್ನ ಗಿಡದಿಂದ ಗಿಡಕ್ಕೆ ಹೊತ್ತುಕೊಂಡು ಹೋಗುದು ಅಂತ ಅವ್ರು ತೋರಿಸಿಕೊಟ್ರು. ರೋಗದ ಗಿಡದಲ್ಲಿ ಕೂತ ಹೇನನ್ನ ಒಳ್ಳೆ ಗಿಡಕ್ಕೆ ಬಿಟ್ಟು, ಕಾದು ನೋಡಿ, ರೋಗ ಬರುದನ್ನ ಕಣ್ಣಾರೆ ಕಂಡು 1927ರಲ್ಲಿ ವರದಿ ಬರೆದ್ರು. ಮಣ್ಣಲ್ಲ, ಗೊಬ್ಬರ ಅಲ್ಲ, ಒಂದು ಹೇನು ಮತ್ತೆ ನಾವು ಕೈಯಾರೆ ಹಂಚುವ ಕಂದು, ಇಷ್ಟೇ ದಾರಿ.

ಆಮೇಲೆ ಅವ್ರು ಹೇಳಿದ್ದು ಮೂರೇ ಮಾತು. ರೋಗದ ಬುಡ ಕಂಡ ಕೂಡ್ಲೇ ತೆಗೀರಿ, ರೋಗದ ಊರಿಂದ ಕಂದು ಹೊರಗೆ ಕೊಂಡೋಗ್ಬೇಡಿ, ಮತ್ತೆ ಇದು ಒಬ್ಬೊಬ್ರು ಮಾಡಿದ್ರೆ ಆಗುದಿಲ್ಲ ಊರಿಗೆ ಊರೇ ಮಾಡ್ಬೇಕು. ಕಾನೂನು ಮಾಡಿ ತೋಟ ತೋಟಕ್ಕೆ ಹೋಗಿ ನೋಡುವ ವ್ಯವಸ್ಥೆ ಮಾಡಿದ್ರು. ಸತ್ತೇ ಹೋಯ್ತು ಅಂದ್ಕೊಂಡ ಬಾಳೆ ಕೃಷಿ ಅಲ್ಲಿ ಮತ್ತೆ ಎದ್ದು ನಿಂತಿತು.

ನನ್ನ ಸಂಕಟ ಇರುದು ಆ ಮೂರನೇ ಮಾತಲ್ಲಿ. ನಾನು 31 ಬುಡ ತೆಗ್ದೆ. ಆದ್ರೆ ನಮ್ಮ ಬೇಲಿಯಿಂದ ಆಚೆ 11 ಹೆಜ್ಜೆ ದೂರದಲ್ಲಿ ಪಕ್ಕದ ಮನೆ ಅಜ್ಜಿದು ಒಂದು ದೊಡ್ಡ ಕದಳಿ ಹಿಂಡು ಉಂಟು, ಅದ್ರಲ್ಲಿ ಮೂರು ಗಿಡಕ್ಕೆ ಸ್ಪಷ್ಟ ಬಂದಿದೆ. ಆ ಬಾಳೆ ಅವ್ರ ತವರು ಮನೆಯದ್ದು, ಹೆಬ್ರಿ ಬದಿಯಿಂದ ಅವ್ರ ಯಜಮಾನ್ರು ತಲೆ ಮೇಲೆ ಹೊತ್ತು ತಂದು ನೆಟ್ಟದ್ದಂತೆ, ಅವ್ರು ತೀರಿಹೋಗಿ ಎಂಟು ವರ್ಷ. ವರ್ಷಕ್ಕೊಂದು ಗೊನೆ ದೈವಕ್ಕೆ ಅಂತ ಇಡ್ತಾರೆ. ಅಂಥವ್ರ ಹತ್ರ ಹೋಗಿ ಇದನ್ನ ಕಡೀರಿ ಅಂತ ಹೇಗೆ ಹೇಳುದು? ನಿಮ್ಮ ಅನುಭವ ಹೇಳಿ.

ಮೂಲ್ಕಿ_ಅಕ್ಕ:

ಓದಿ ಬೇಜಾರಾಯ್ತು ಮಾರಾಯ್ರೆ. 31 ಬುಡ ಅಂದ್ರೆ ಕಮ್ಮಿಯಾ. ನಮ್ಮಲ್ಲೂ ಹೋದ ವರ್ಷ ಎರಡು ಹಾಗೇ ಆಗಿತ್ತು, ನಾವು ದೃಷ್ಟಿ ಆಯ್ತು ಅಂತ ಬಿಟ್ಟಿದ್ವು. ನಾಳೆ ಬೆಳಿಗ್ಗೆ ಹೋಗಿ ಎಲ್ಲ ಬುಡ ನೋಡ್ತೇನೆ.

ಕಿನ್ನಿಗೋಳಿ_ಹುಡುಗಿ:

ನಾನು ಸಸ್ಯರೋಗ ಶಾಸ್ತ್ರದಲ್ಲೇ ಪಿಎಚ್‌ಡಿ ಮಾಡ್ತಿರುದು, ಊರು ಕಿನ್ನಿಗೋಳಿ. ಅಣ್ಣ, ನೀವು ಬರೆದದ್ದು ಸರಿ ಉಂಟು, ಒಂದೆರಡು ವಿಷಯ ಸೇರಿಸ್ತೇನೆ ಯಾಕಂದ್ರೆ ಮಗೀ ಅವ್ರ ಕೆಲ್ಸದಲ್ಲಿ ನನಗೆ ಅತ್ಯಂತ ದೊಡ್ಡದು ಅಂತ ಅನ್ನಿಸುದು ಬೇರೆಯೇ ಒಂದು. ಅವ್ರು ಆ ವೈರಸ್ಸನ್ನ ನೋಡ್ಲೇ ಇಲ್ಲ. ನೋಡುವ ಸಾಧ್ಯತೆಯೂ ಇರ್ಲಿಲ್ಲ. ವೈರಸ್ ಅನ್ನುವ ಕಲ್ಪನೆಯೇ ಆಗ ಹೊಸತು, 1892ರಲ್ಲಿ ಇವಾನೊವ್‌ಸ್ಕಿ, 1898ರಲ್ಲಿ ಬೈಜೆರಿಂಕ್ ತಂಬಾಕಿನ ರೋಗದ ಎಲೆ ಅರೆದು ಬ್ಯಾಕ್ಟೀರಿಯ ದಾಟದಷ್ಟು ಸಣ್ಣ ಸೋಸುವ ಪಾತ್ರೆಯಲ್ಲಿ ಸೋಸಿ, ಆ ರಸದಲ್ಲೂ ರೋಗ ಉಳೀತದೆ ಅಂತ ತೋರಿಸಿದ್ರು. ತಂಬಾಕಿನ ವೈರಸ್ಸನ್ನ ಸ್ಟಾನ್ಲಿ ಅವ್ರು ಹರಳು ರೂಪದಲ್ಲಿ ಬೇರ್ಪಡಿಸಿದ್ದೇ 1935ರಲ್ಲಿ, ಅಂದ್ರೆ ಮಗೀ ವರದಿ ಆಗಿ ಎಂಟು ವರ್ಷ ಆದ್ಮೇಲೆ. ಬಂಚಿ ಟಾಪಿನ ಕಣಗಳನ್ನ ಗಿಡದಿಂದ ಬೇರ್ಪಡಿಸಿ ಇಂಥದ್ದು ಅಂತ ಆಸ್ಟ್ರೇಲಿಯದಲ್ಲೇ ಥಾಮಸ್ ಮತ್ತೆ ಡೀಟ್ಸ್‌ಗೆನ್ ಬರೆದದ್ದು 1991ರಲ್ಲಿ. ನಡುವೆ 60 ವರ್ಷಕ್ಕಿಂತ ಜಾಸ್ತಿ. ಆ ಕಣ ಎಷ್ಟು ಸಣ್ಣದು ಅಂದ್ರೆ 18-20 ನ್ಯಾನೋಮೀಟರ್, ಒಂದು ಮಿಲಿಮೀಟರಿನಲ್ಲಿ ಸಾಲಾಗಿ ಇಟ್ರೆ 50 ಸಾವಿರ ಹಿಡೀತದೆ. ಒಳಗೆ ಒಂಟಿ ಎಳೆಯ ಡಿಎನ್ಎ, ಅದೂ ಆರು ತುಂಡು, ಒಂದೊಂದು ಚಿಕ್ಕ ಬಳೆ ಹಾಗೆ.

ಕಾಣದ ಶತ್ರುವನ್ನ ಅದು ನಡೆಯುವ ದಾರಿ ನೋಡಿ ಹಿಡಿದದ್ದು ಅವ್ರು. ನಾನು ಲ್ಯಾಬಲ್ಲಿ ಪಿಸಿಆರ್ (ವೈರಸ್ಸಿನ ಡಿಎನ್ಎ ಪತ್ತೆ ಮಾಡುವ ಪರೀಕ್ಷೆ) ಮಾಡುವಾಗೆಲ್ಲ ಇದು ನೆನಪಾಗ್ತದೆ. ನಮಗೆ ಅರ್ಧ ದಿನದಲ್ಲಿ ಉತ್ತರ ಸಿಗ್ತದೆ, ಅವ್ರು ಪ್ರತಿ ಗಿಡಕ್ಕೂ ತಿಂಗಳುಗಟ್ಟಲೆ ಕಾದಿದ್ದಾರೆ.

ಇನ್ನು ನಿಮ್ಮ 11 ಹೆಜ್ಜೆ ವಿಷಯ. ಇದಕ್ಕೆ ಸರಿಯಾದ ಲೆಕ್ಕವೇ ಉಂಟು. ಅಲೆನ್ ಅಂತ ಇನ್ನೊಬ್ರು 1970ರ ದಶಕದಲ್ಲಿ ಆಸ್ಟ್ರೇಲಿಯದ ತೋಟಗಳಲ್ಲಿ ಹೊಸ ರೋಗದ ಗಿಡ ಹಳೇದರಿಂದ ಎಷ್ಟು ದೂರದಲ್ಲಿ ಬರ್ತದೆ ಅಂತ ಅಳೆದ್ರು. ಸರಾಸರಿ 15ರಿಂದ 17 ಮೀಟರ್. ನೂರಕ್ಕೆ 99 ಸುಮಾರು 86 ಮೀಟರ್ ಒಳಗೆ. ಅಂದ್ರೆ ಅಜ್ಜಿಯ ಹಿಂಡು ಇರುವಷ್ಟು ದಿನ ನೀವು ನಿಮ್ಮ ಕಡೆ ಎಷ್ಟು ತೆಗ್ದ್ರೂ ಮತ್ತೆ ಬರ್ತದೆ, ಕ್ಷಮಿಸಿ, ಆದ್ರೆ ಹೇಳ್ಲೇಬೇಕು.

ವಿಟ್ಲ_ಅಡಿಕೆ:

ಹೇನಿಂದ ಬರುದು ಅಂತಾದ್ರೆ ಹೇನಿಗೇ ಮದ್ದು ಬಿಟ್ರೆ ಆಯ್ತಲ್ವಾ? ಬುಡ ಯಾಕೆ ತೆಗೀಬೇಕು? ನಮ್ಮಲ್ಲಿ ಎಲ್ಲರೂ ಸ್ಪ್ರೇ ಮಾಡುವವ್ರೇ.

ಕಿನ್ನಿಗೋಳಿ_ಹುಡುಗಿ:

ಒಳ್ಳೆ ಪ್ರಶ್ನೆ ಮಾವ. ಹೇನಿಗೆ ಮದ್ದು ಉಪಯೋಗ ಇಲ್ಲ ಅಂತಲ್ಲ, ಆದ್ರೆ ರೋಗ ಬಂದ ಗಿಡ ವಾಸಿ ಆಗುದಿಲ್ಲ, ಅದು ಇರುವಷ್ಟು ದಿನ ಹೊಸ ಹೇನಿಗೆ ವೈರಸ್ ಕೊಡ್ತಾ ಇರ್ತದೆ. ಗಡ್ಡೆ ಒಳಗೆ ಎಲ್ಲ ಕಂದಿಗೂ ಸಂಪರ್ಕ ಇರುದ್ರಿಂದ ಒಂದು ಗಿಡಕ್ಕೆ ಬಂದ್ರೆ ಇಡೀ ಹಿಂಡಿಗೆ ಬಂದ ಹಾಗೆಯೇ ಲೆಕ್ಕ, ಹೊರಗೆ ಚಂದ ಕಾಣುವ ಕಂದಿನಲ್ಲೂ ಇರ್ತದೆ.

ಕ್ರಮ ಹೇಗೆ ಅಂದ್ರೆ, ಮೊದ್ಲು ಹೇನು ಸಾಯಿಸ್ಬೇಕು, ಆಮೇಲೆ ಅಗೀಬೇಕು. ಉಲ್ಟಾ ಮಾಡ್ಬೇಡಿ. ಬುಡ ಅಲ್ಲಾಡಿಸಿದ ಕೂಡ್ಲೇ ಹೇನು ಎದ್ದು ಪಕ್ಕದ ಗಿಡಕ್ಕೆ ಹೋಗ್ತದೆ, ನೀವೇ ಕಳಿಸಿಕೊಟ್ಟ ಹಾಗೆ ಆಗ್ತದೆ. ಸೋಪು ನೀರು ಸಿಪ್ಪೆ ಸಂದಿಗೆ, ಸುರುಳಿ ಎಲೆ ಒಳಗೆ ಚೆನ್ನಾಗಿ ಹೋಗುವ ಹಾಗೆ ಹೊಡೀರಿ, ಮರುದಿನ ಗಡ್ಡೆ ಸಮೇತ ಕಿತ್ತು ತುಂಡು ತುಂಡು ಮಾಡಿ ಒಣಗಿಸಿ, ಆಮೇಲೆ ಒಂದೆರಡು ತಿಂಗಳು ಅಲ್ಲಿ ಕಂದು ಚಿಗುರ್ತದಾ ನೋಡ್ತಾ ಇರಿ.

ಕುಂದಾಪ್ರ_ಮಾಣಿ:

ಹೋಯ್ ನಮ್ಮೂರ್ ಬದಿಯಂಗ್ ಎಲ್ಲ ಕತ್ತಿಯಂಗೇ ಬತ್ತ್ ಅಂತ್ರಲೆ, ಒಂದ್ ಗಿಡ ಕಡ್ದ್ ಕತ್ತಿಯಂಗೆ ಇನ್ನೊಂದ್ ಕಡಿಬಾರ್ದ್ ಅಂತೇಳಿ. ಅದ್ ಹೌದಾ? ನನ್ ಅಪ್ಪಯ್ಯ ಈಗ್ಳೂ ಕತ್ತಿ ಬೆಂಕಿಗ್ ಹಿಡುದು.

ಕಿನ್ನಿಗೋಳಿ_ಹುಡುಗಿ:

ಬಂಚಿ ಟಾಪ್ ಕತ್ತಿಯಿಂದ ಬರುದಿಲ್ಲ. ಆದ್ರೆ ಅಪ್ಪಯ್ಯನ ಅಭ್ಯಾಸ ಬಿಡಿಸ್ಬೇಡಿ, ಕೊಳೆಯುವ ಬ್ಯಾಕ್ಟೀರಿಯ ರೋಗಗಳು ಕತ್ತಿಯಿಂದ ಹೋಗ್ತವೆ, ಅವ್ರು ಮಾಡುದು ಒಳ್ಳೇದೇ.

ಪುತ್ತೂರು_ಪಪ್ಪಾಯಿ:

ನಂದು ಬೇರೆ ಕತೆ, ಆದ್ರೆ ಇದೇ ಜಾತಿದ್ದು. ಪಪ್ಪಾಯಿ 300 ಗಿಡ ಹಾಕಿದ್ದೆ, ಕಾಯಿ ಮೇಲೆ ಉಂಗುರ ಉಂಗುರ, ಎಲೆ ಎಲ್ಲ ಸಪೂರ ದಾರದ ಹಾಗೆ ಆಗಿ ಹೋಯ್ತು. ವಾರಕ್ಕೊಮ್ಮೆ ಹೇನಿಗೆ ಮದ್ದು ಬಿಟ್ಟೆ, ದುಡ್ಡು ಹೋದದ್ದೇ ಬಂತು, ರೋಗ ಒಂದಿಷ್ಟೂ ಕಮ್ಮಿ ಆಗ್ಲಿಲ್ಲ. ಸಸಿ ಕೊಟ್ಟವ್ರು ಇದು ತಡ್ಕೊಳ್ತದೆ ಅಂತ ಹೇಳಿಯೇ ಕೊಟ್ಟದ್ದು. ಯಾರು ಎತ್ತ ಅಂತ ಇಲ್ಲಿ ಬರೆಯುದಿಲ್ಲ, ಕೇಳಿದ್ದಕ್ಕೆ ನಿಮ್ಮ ಮಣ್ಣು ಸರಿ ಇಲ್ಲ ಅಂದ್ರು, ಆ ಮಾತು ಇನ್ನೂ ಉರೀತದೆ.

ಕಿನ್ನಿಗೋಳಿ_ಹುಡುಗಿ:

ಅದು ರಿಂಗ್‌ಸ್ಪಾಟ್ ವೈರಸ್. ಮದ್ದು ಯಾಕೆ ಹಿಡೀಲಿಲ್ಲ ಅಂದ್ರೆ, ಎರಡೂ ಹೇನಿಂದಲೇ ಹರಡಿದ್ರೂ ಹೊತ್ತುಕೊಂಡು ಹೋಗುವ ರೀತಿ ಬೇರೆ. ಬಂಚಿ ಟಾಪ್ ಆದ್ರೆ ಹೇನು ಕೆಲವು ಗಂಟೆ ಕೂತು ರಸ ಹೀರ್ಬೇಕು, ಆಗ ವೈರಸ್ ಅದ್ರ ಹೊಟ್ಟೆಗೆ ಹೋಗಿ ಮೈಯೆಲ್ಲ ಸುತ್ತಿ ಜೊಲ್ಲಿಗೆ ಬರ್ತದೆ, ಹೇನು ಬದುಕಿರುವಷ್ಟು ದಿನ ಇರ್ತದೆ. ಪಪ್ಪಾಯಿದ್ದು ಹಾಗಲ್ಲ, ಹೇನಿನ ಬಾಯಿತುದಿಗೆ ಅಂಟಿಕೊಂಡು ಹೋಗುದು, ರೋಗದ ಗಿಡದಲ್ಲಿ ಚುಚ್ಚಿ ನೋಡ್ಲಿಕ್ಕೆ ಕೆಲವು ಸೆಕೆಂಡು, ಪಕ್ಕದ ಗಿಡದಲ್ಲಿ ಚುಚ್ಚಿ ನೋಡ್ಲಿಕ್ಕೆ ಕೆಲವು ಸೆಕೆಂಡು, ಆಯ್ತು. ಎಲ್ಲಿಂದಲೋ ಹಾರಿಬಂದ ಹೇನು ನಿಮ್ಮ ಮದ್ದಿಗೆ ಸಾಯುವ ಮೊದ್ಲೇ ಕೆಲ್ಸ ಮುಗಿಸಿರ್ತದೆ. ನಿಮ್ಮ ಮಣ್ಣಿನ ದೋಷ ಅಲ್ಲವೇ ಅಲ್ಲ ಅಣ್ಣ, ಆ ಮಾತು ಮನಸ್ಸಿಂದ ತೆಗ್ದುಬಿಡಿ.

ಈ ವಿಷಯದಲ್ಲಿ ಡೆನಿಸ್ ಗೊನ್ಸಾಲ್ವಿಸ್ ಅವ್ರ ಬಗ್ಗೆ ಹೇಳ್ಲೇಬೇಕು. ಹವಾಯಿ ದ್ವೀಪದಲ್ಲೇ ಹುಟ್ಟಿ, ಕಬ್ಬಿನ ತೋಟದ ಊರಲ್ಲಿ ಬೆಳೆದವ್ರು, ಆಮೇಲೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವೈರಸ್ ವಿಜ್ಞಾನಿ ಆದ್ರು. ಹವಾಯಿಯ ಒಂದು ದ್ವೀಪದಲ್ಲಿ ಈ ವೈರಸ್ ಪಪ್ಪಾಯಿ ನಾಶ ಮಾಡಿ, ಬೆಳೆಗಾರರೆಲ್ಲ ಪುನಾ ಅನ್ನುವ ಇನ್ನೊಂದು ಜಾಗಕ್ಕೆ ಹೋಗಿದ್ರು. ಒಂದಲ್ಲ ಒಂದು ದಿನ ಅಲ್ಲಿಗೂ ಬಂದೇ ಬರ್ತದೆ ಅಂತ ಇವ್ರು, ಅಲ್ಲಿ ರೋಗ ಬರುವ ಎಷ್ಟೋ ವರ್ಷ ಮೊದ್ಲೇ, 1980ರ ದಶಕದಲ್ಲೇ ಕೆಲ್ಸ ಶುರು ಮಾಡಿದ್ರು. ವೈರಸ್ಸಿನ ಹೊರಕವಚದ ಒಂದು ಜೀನನ್ನ ಪಪ್ಪಾಯಿಗೆ ಸೇರಿಸಿದ್ರು, ಗಿಡ ಅದನ್ನ ಗುರುತಿಟ್ಟುಕೊಂಡು ವೈರಸ್ ಬಂದಾಗ ತಡೀತದೆ. 1992ರಲ್ಲಿ ಪುನಾಕ್ಕೆ ರೋಗ ಬಂದೇ ಬಂತು. 1998ರಲ್ಲಿ ರೇನ್‌ಬೋ ಅನ್ನುವ ತಳಿಯ ಬೀಜ ರೈತರ ಕೈಗೆ ಸಿಕ್ಕಿತು, ಅದೂ ಮೊದಲಿಗೆ ದುಡ್ಡು ತಗೊಳ್ಳದೆ ಹಂಚಿದ್ರು. ನಮ್ಮ ದೇಶದಲ್ಲಿ ಅಂಥ ಪಪ್ಪಾಯಿಗೆ ಅನುಮತಿ ಇಲ್ಲ, ಬೇಕಾ ಬೇಡ್ವಾ ಅನ್ನುದು ದೊಡ್ಡ ಚರ್ಚೆ, ಅದನ್ನ ಇಲ್ಲಿ ಎಳೆಯುದಿಲ್ಲ. ನನಗೆ ಇಷ್ಟ ಆಗುದು ರೋಗ ಬರುವ ಮೊದ್ಲೇ ಯೋಚನೆ ಮಾಡಿದ್ದು.

ಬಂಟ್ವಾಳ_ರೈತ:

ತಂಗಿ, ನೀವು ಹೇಳಿದ್ದೆಲ್ಲ ಓದ್ಲಿಕ್ಕೆ ಚಂದ ಉಂಟು, ನಿಮ್ಮ ಮೇಲೆ ಸಿಟ್ಟಲ್ಲ. ಆದ್ರೆ ಆಸ್ಟ್ರೇಲಿಯ, ಹವಾಯಿ, ಎಲ್ಲ ಹೊರಗಿನದ್ದೇ. ನಮ್ಮ ಊರಿನ ರೈತನಿಗೆ ಸಂಶೋಧನೆಯಿಂದ ಸಿಕ್ಕಿದ್ದೆಂತ? ನಾನು 35 ವರ್ಷ ಆಯ್ತು ಕೃಷಿ ಮಾಡ್ಲಿಕ್ಕೆ ಶುರು ಮಾಡಿ. ರೋಗ ಬಂದ್ರೆ ಫೋಟೋ ತೆಗೀತಾರೆ, ಎಲೆ ಕೊಂಡೋಗ್ತಾರೆ, ಮತ್ತೆ ಸುದ್ದಿ ಇಲ್ಲ.

ಮಟ್ಟು_ಗದ್ದೆ:

ಅಣ್ಣ, ನಿಮ್ಮ ಬೇಸರ ಅರ್ಥ ಆಗ್ತದೆ. ಆದ್ರೆ ಏನೂ ಸಿಕ್ಕಿಲ್ಲ ಅನ್ನುದು ನಾನು ಒಪ್ಪುದಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಬಿಡ್ತೇವಲ್ಲ, ಕೊಳೆರೋಗಕ್ಕೆ ಅದನ್ನ ನಮ್ಮ ರಾಜ್ಯದಲ್ಲಿ ನೆಲೆ ನಿಲ್ಲಿಸಿದವ್ರು ಲೆಸ್ಲಿ ಕೋಲ್ಮನ್, ಕೆನಡಾದವ್ರು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮಲೆನಾಡಿನ ತೋಟ ತೋಟ ಸುತ್ತಿದವ್ರು. ಇವತ್ತು ಅದು ಸಂಶೋಧನೆ ಅಂತಲೇ ಯಾರಿಗೂ ನೆನಪಿಲ್ಲ, ಅಜ್ಜನ ಕಾಲದಿಂದ ಇದ್ದದ್ದು ಅಂತ ತಿಳ್ಕೊಂಡಿದ್ದೇವೆ.

ವೈರಸ್ಸಿನದ್ದೇ ಬೇಕಾದ್ರೆ ಟೊಮೆಟೊ ನೋಡಿ. ಎಲೆ ಮುರುಟು ರೋಗ, ಬಿಳಿ ನೊಣ ತರುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ವಿ. ಮುನಿಯಪ್ಪ ಅಂತ ವಿಜ್ಞಾನಿ ಎಷ್ಟೋ ವರ್ಷ ಅದ್ರ ಹಿಂದೆ ಬಿದ್ದು, ಇಂಗ್ಲೆಂಡಿನವ್ರ ಜೊತೆ ಸೇರಿ ನಂದಿ, ವೈಭವ್, ಸಂಕ್ರಾಂತಿ ಅಂತ ಮೂರು ತಳಿ ತಂದ್ರು. ಹೈಬ್ರಿಡ್ ಅಲ್ಲ, ಬೀಜ ನಾವೇ ತೆಗ್ದು ಇಟ್ಟುಕೊಳ್ಬಹುದು. ಬಡ ರೈತನ ಲೆಕ್ಕ ಹಾಕಿ ಮಾಡಿದ ಕೆಲ್ಸ ಅದು, ನನಗೆ ಅವ್ರ ಮೇಲೆ ತುಂಬ ಗೌರವ. ಆಮೇಲೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಅರ್ಕಾ ರಕ್ಷಕ್ ಬಂತು, ಅದು ಮುರುಟು ರೋಗದ ಜೊತೆ ಬ್ಯಾಕ್ಟೀರಿಯದ ಸೊರಗು ರೋಗವನ್ನೂ ತಡೀತದೆ. ನಮ್ಮ ಕರಾವಳಿಗೆ ಆ ಸೊರಗು ರೋಗವೇ ಯಮ, ಗುಳ್ಳ ಬದನೆ ಬೆಳೆಯುವವ್ರಿಗೆ ಗೊತ್ತು, ಬೆಳಿಗ್ಗೆ ಚಂದ ಇದ್ದ ಗಿಡ ಸಂಜೆಗೆ ಬಾಡಿ ನಿಂತಿರ್ತದೆ. ಅರ್ಕಾ ರಕ್ಷಕ್ ಹೈಬ್ರಿಡ್, ಬೀಜ ಪ್ರತಿ ಸಲ ತಗೊಳ್ಬೇಕು, ಅದೊಂದು ಕೊರತೆ.

ಬೆಂಡೆಗೆ ಅರ್ಕಾ ಅನಾಮಿಕ ಕೂಡ ಹಳದಿ ನರ ರೋಗ ತಡೀಲಿಕ್ಕೆ ಅಂತಲೇ ಕಾಡು ಬೆಂಡೆ ಜೊತೆ ಕೂಡಿಸಿ ಮಾಡಿದ್ದು. ಕೆಲವು ಕಡೆ ಈಗ ಅದಕ್ಕೂ ರೋಗ ಬರ್ತಾ ಉಂಟು, ವೈರಸ್ ಸುಮ್ಮನೆ ಕೂತುಕೊಳ್ಳುದಿಲ್ಲ.

ಮೂಲ್ಕಿ_ಅಕ್ಕ:

ಬೆಂಡೆ ವಿಷಯ ಬಂತಲ್ಲ ಕೇಳ್ತೇನೆ, ನಮ್ಮ ಹಾಲುಬೆಂಡೆಗೆ ಬೇಸಿಗೆಯಲ್ಲಿ ಎಲೆ ನರ ಎಲ್ಲ ಹಳದಿ ಆಗ್ತದೆ, ಕಾಯಿ ಬಿಳುಚಿ ಗಟ್ಟಿ ಆಗ್ತದೆ, ಅದೇ ರೋಗವಾ? ಬೀಜದಲ್ಲಿ ಬರ್ತದಾ? ನಾನು ಆ ಗಿಡದ್ದೇ ಬೀಜ ಇಟ್ಟಿದ್ದೇನೆ.

ಮಟ್ಟು_ಗದ್ದೆ:

ಅದೇ ಅಕ್ಕ. ಬಿಳಿ ನೊಣದಿಂದ ಬರುದು, ಬೀಜದಿಂದ ಅಲ್ಲ ಅಂತಾರೆ. ಆದ್ರೂ ರೋಗದ ಗಿಡದ ಬೀಜ ಬೇಡ, ಸೊರಗಿದ ಗಿಡದ ಬೀಜ ಸೊರಗಿದ್ದೇ ಇರ್ತದೆ. ಎಲ್ಲ ಹಳದಿ ಆದಾಗಲೂ ಹಸಿರಾಗಿ ನಿಂತ ಒಂದು ಗಿಡ ಇದ್ರೆ ಅದಕ್ಕೆ ದಾರ ಕಟ್ಟಿ ಬೀಜ ಇಡಿ.

ಸುಳ್ಯದ_ಮಗಳು:

ನಾನು ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ. ಬುಡ ತೆಗೀರಿ ಬುಡ ತೆಗೀರಿ ಅಂತ ಎಲ್ಲರೂ ಹೇಳ್ತಿದ್ದೀರಿ, ಬಾಳೆಗೆ ಅದು ಸರಿ ಇರ್ಬಹುದು, ಒಂದು ವರ್ಷದಲ್ಲಿ ಮತ್ತೊಂದು ಗೊನೆ ಬರ್ತದೆ. ನಮ್ಮ ಅಡಿಕೆಯ ಹಳದಿ ಎಲೆ ರೋಗಕ್ಕೆ ಎಂತ ಮಾಡುದು? ಸಂಪಾಜೆ, ಅರಂತೋಡು, ಮರ್ಕಂಜ ಬದಿಗೆ ಬಂದು ನೋಡಿ. ನನ್ನ ಅಪ್ಪ ನೆಟ್ಟ ತೋಟದಲ್ಲಿ ಹಳದಿ ಆಗದ ಮರ ಹುಡುಕ್ಬೇಕು. ಮೊದ್ಲು ಹೊರಗಿನ ಎಲೆಯ ತುದಿ ಹಳದಿ ಆಗ್ತದೆ, ಆಮೇಲೆ ಸೋಗೆ ಸಣ್ಣ ಆಗ್ತಾ ಬರ್ತದೆ, ಹಿಂಗಾರ ಬರುದೇ ಕಮ್ಮಿ, ಬಂದ ಅಡಿಕೆ ಒಡೆದ್ರೆ ಒಳಗೆ ಕಪ್ಪು. ಮರ ಕೂಡ್ಲೇ ಸಾಯುದೂ ಇಲ್ಲ. ವರ್ಷಗಟ್ಟಲೆ ಹಾಗೇ ನಿಂತಿರ್ತದೆ, ಕಡೀಲಿಕ್ಕೆ ಕೈ ಬರುದಿಲ್ಲ, ಬಿಟ್ರೆ ಫಸಲಿಲ್ಲ. ಹೊಸ ಸಸಿ ನೆಟ್ಟು ಐದಾರು ವರ್ಷ ಕಾದು ಫಸಲು ಬರುವ ಹೊತ್ತಿಗೆ ಅದಕ್ಕೂ ಹಳದಿ. ತಮ್ಮ ಬೆಂಗಳೂರಿಗೆ ಕೆಲ್ಸಕ್ಕೆ ಹೋದದ್ದು ಇದ್ರಿಂದಲೇ. ಕೇರಳದಲ್ಲಿ ಇದು 1914ರಲ್ಲೇ ಕಂಡಿದೆಯಂತೆ. ನೂರು ವರ್ಷ ದಾಟಿ ಹೋಯ್ತು.

ಕಿನ್ನಿಗೋಳಿ_ಹುಡುಗಿ:

ಅಕ್ಕ, ನಿಮ್ಮ ಮಾತಿಗೆ ನನ್ನ ಹತ್ರ ಸಮಾಧಾನ ಇಲ್ಲ. ಗೊತ್ತಿದ್ದದ್ದು ಹೇಳ್ತೇನೆ. ಅದು ವೈರಸ್ ಅಲ್ಲ, ಫೈಟೋಪ್ಲಾಸ್ಮ. ಗೋಡೆ ಇಲ್ಲದ ಒಂದು ಜಾತಿ ಬ್ಯಾಕ್ಟೀರಿಯ, ಮರದ ಆಹಾರ ಸಾಗಿಸುವ ನಾಳದ ಒಳಗೇ ಇರ್ತದೆ, ಲ್ಯಾಬಲ್ಲಿ ಬೆಳೆಸಿ ನೋಡುದು ತುಂಬ ಕಷ್ಟ. ಇಂಥ ಹಳದಿ ರೋಗಗಳೆಲ್ಲ ವೈರಸ್ಸಿನದ್ದೇ ಅಂತ ಪ್ರಪಂಚವೇ ನಂಬಿತ್ತು, 1967ರಲ್ಲಿ ಜಪಾನಿನ ವಿಜ್ಞಾನಿಗಳು ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ನೋಡಿ ಬೇರೆ ಅಂತ ಹೇಳಿದ್ರು. ಅಡಿಕೆಯಲ್ಲಿ ಒಂದು ಜಾತಿ ಜಿಗಿಹುಳ ಇದನ್ನ ಹರಡ್ತದೆ. ಬಾಳೆಗಿಂತ ಯಾಕೆ ಕಷ್ಟ ಅಂದ್ರೆ, ರೋಗ ಮೈಗೆ ಬಂದು ಎಷ್ಟೋ ಕಾಲ ಆದ್ಮೇಲೆ ಮರ ಅದನ್ನ ತೋರಿಸ್ತದೆ. ಹಳದಿ ಕಂಡ ಮರ ತೆಗ್ದ್ರೂ ಹಸಿರು ಕಾಣುವ ಪಕ್ಕದ ಮರದಲ್ಲಿ ಆಗ್ಲೇ ಸೇರಿರ್ಬಹುದು. ಮಗೀ ಅವ್ರ ದಾರಿ ಇಲ್ಲಿ ನೇರ ನಡೆಯುದಿಲ್ಲ.

ಕಾಸರಗೋಡು ಮತ್ತೆ ವಿಟ್ಲದ ಸಿಪಿಸಿಆರ್‌ಐಯವ್ರು (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ರೋಗ ತುಂಬಿದ ತೋಟದ ನಡುವೆ ವರ್ಷಗಟ್ಟಲೆ ಹಸಿರಾಗಿ ಉಳಿದ ಮರಗಳನ್ನ ಗುರುತು ಮಾಡ್ತಾ ಇದ್ದಾರೆ, ಅವುಗಳ ಎಳೆ ಹಿಂಗಾರದಿಂದ ಅಂಗಾಂಶ ಕೃಷಿ (ಟಿಶ್ಯೂ ಕಲ್ಚರ್, ಲ್ಯಾಬಲ್ಲಿ ಚಿಕ್ಕ ತುಂಡಿಂದ ಗಿಡ ಬೆಳೆಸುದು) ಮಾಡಿ ಸಸಿ ಮಾಡುವ ಪ್ರಯತ್ನ ಉಂಟು. ನಿಧಾನದ ಕೆಲ್ಸ. ಒಂದು ಸಸಿ ರೋಗ ತಡೀತದೆ ಅಂತ ಧೈರ್ಯದಿಂದ ಹೇಳ್ಬೇಕಾದ್ರೆ ಹತ್ತು ವರ್ಷವಾದ್ರೂ ನೋಡ್ಬೇಕು. ನಿಮ್ಮ ಅಪ್ಪನ ತೋಟದಲ್ಲಿ ಹಾಗೆ ಹಸಿರಾಗಿ ಉಳಿದ ಮರ ಒಂದೇ ಒಂದು ಇದ್ರೂ ದಯವಿಟ್ಟು ವಿಟ್ಲಕ್ಕೆ ತಿಳಿಸಿ.

ಸುಳ್ಯದ_ಮಗಳು:

ಎರಡು ಉಂಟು. ಕೆರೆ ಬದಿಗೆ. ಅಪ್ಪ ಅದಕ್ಕೆ ಸುಣ್ಣ ಬಳಿದು ಗುರುತು ಮಾಡಿದ್ರು. ಸೋಮವಾರ ಫೋನ್ ಮಾಡ್ತೇನೆ.

ಬಂಟ್ವಾಳ_ರೈತ:

ತಂಗಿ, ನನ್ನ ಮಾತು ಸ್ವಲ್ಪ ಜೋರಾಯ್ತು. ಹತ್ತು ವರ್ಷ ನೋಡ್ಬೇಕು ಅಂತ ಹೇಳಿದ್ರಲ್ಲ, ಅದನ್ನ ನಮಗೆ ಯಾರೂ ಬಿಡಿಸಿ ಹೇಳಿರ್ಲಿಲ್ಲ, ನಾವು ಮೂರು ತಿಂಗಳಲ್ಲಿ ಮದ್ದು ಕೊಡ್ತಾರೆ ಅಂತ ಕಾದದ್ದು. ಬಾಳೆಗೆ ಹೊಸ ಗಿಡ ಎಲ್ಲಿಂದ ತರುದು ಅದು ಹೇಳಿ, ಟಿಶ್ಯೂ ಕಲ್ಚರ್ ಅಂದ್ರೆ ರೋಗ ಇರುದಿಲ್ಲ ಅಂತ ಗ್ಯಾರಂಟಿಯಾ?

ಕಿನ್ನಿಗೋಳಿ_ಹುಡುಗಿ:

ಅಲ್ಲ, ಗ್ಯಾರಂಟಿ ಅಲ್ಲ. ತಾಯಿ ಗಿಡದಲ್ಲಿ ವೈರಸ್ ಇದ್ರೆ ಟಿಶ್ಯೂ ಕಲ್ಚರಲ್ಲಿ ಒಂದು ಸಾವಿರ ಆಗುವ ಹಾಗೆ ರೋಗವೂ ಸಾವಿರ ಆಗ್ತದೆ. ತಾಯಿ ಗಿಡ ಪರೀಕ್ಷೆ ಮಾಡಿ ಮಾಡಿದ್ದಾ ಅನ್ನುದು ಮುಖ್ಯ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯವ್ರು 2006ರಿಂದ ಇದಕ್ಕೆ ಒಂದು ಪ್ರಮಾಣೀಕರಣ ವ್ಯವಸ್ಥೆ ಮಾಡಿದ್ದಾರೆ, ವೈರಸ್ ಪರೀಕ್ಷೆ ಆದ ಗಿಡಕ್ಕೆ ಲೇಬಲ್ ಕೊಡ್ತಾರೆ. ಗಿಡ ತಗೊಳ್ಳುವಾಗ ಆ ಪತ್ರ ತೋರಿಸಿ ಅಂತ ನಾಚಿಕೆ ಬಿಟ್ಟು ಕೇಳಿ. ನಮ್ಮ ದೇಶಕ್ಕೆ ಬಂಚಿ ಟಾಪ್ 1940ರ ಹೊತ್ತಿಗೆ ಸಿಲೋನಿಂದ ಕೇರಳಕ್ಕೆ ಬಂತು, ಅಲ್ಲಿಂದ ಊರೂರಿಗೆ ಹೋದದ್ದು ಹೆಚ್ಚಿನಂಶ ಕಂದಿನ ಜೊತೆಯೇ. ಹೇನು ನಡೆಯುದು ಮೀಟರ್ ಲೆಕ್ಕದಲ್ಲಿ, ಲಾರಿ ಹೋಗುದು ಜಿಲ್ಲೆ ಲೆಕ್ಕದಲ್ಲಿ.

ಕಾರ್ಕಳ_ಟೀಚರ್:

ಹಿರಿಯಡ್ಕದವ್ರೇ, ನಿಮ್ಮ ಮೊದ್ಲ ಪ್ರಶ್ನೆಗೆ ಯಾರೂ ಉತ್ತರ ಹೇಳ್ಲಿಲ್ಲ. ಅಜ್ಜಿ ಹತ್ರ ನೀವು ಒಬ್ರೇ ಹೋಗ್ಬೇಡಿ. ಅಮ್ಮನ್ನ ಕರ್ಕೊಂಡು ಹೋಗಿ. ಮೊದ್ಲ ದಿನವೇ ಕಡೀಬೇಕು ಅನ್ನುವ ಶಬ್ದ ಎತ್ಬೇಡಿ. ನಿಮ್ಮದು 31 ಬುಡ ಹೋಯ್ತು ಅಂತ ಹೇಳಿ, ಅವ್ರಿಗೆ ಅದು ಅರ್ಥ ಆಗ್ತದೆ, ಅವ್ರೂ ಜೀವಮಾನ ಎಲ್ಲ ಮಣ್ಣಲ್ಲಿ ಇದ್ದವ್ರು. ಮತ್ತೆ ಆ ತಳಿ ಅವ್ರಿಗೆ ವಾಪಸ್ ಸಿಗುವ ದಾರಿ ಏನಾದ್ರೂ ಉಂಟಾ ಅಂತ ಮೊದ್ಲು ನೋಡಿಕೊಂಡು ಹೋಗಿ. ಬರಿಗೈಯಲ್ಲಿ ಹೋಗಿ ಯಜಮಾನ್ರು ನೆಟ್ಟದ್ದನ್ನ ತೆಗೀರಿ ಅಂದ್ರೆ ಯಾರು ಕೇಳ್ತಾರೆ.

ಕಿನ್ನಿಗೋಳಿ_ಹುಡುಗಿ:

ಟೀಚರ್ ಹೇಳಿದ್ದು ಸರಿ. ದಾರಿ ಉಂಟು. ಈ ಹಿಂಡಿನ ಕಂದು ಉಳಿಸ್ಲಿಕ್ಕೆ ಹೋಗ್ಬೇಡಿ. ಆದ್ರೆ ಹೆಬ್ರಿಯ ತವರು ಮನೆಯಲ್ಲಿ ಮೂಲ ಹಿಂಡು ಇನ್ನೂ ಇರ್ಬಹುದಲ್ಲ? ಅಲ್ಲಿ ಸುತ್ತಮುತ್ತ ರೋಗ ಇಲ್ದಿದ್ರೆ ಅಲ್ಲಿಂದಲೇ ಕಂದು ತನ್ನಿ, ಅದೇ ಬಾಳೆ, ಅದೇ ವಂಶ. ಸಿಪ್ಪೆ ಬಿಡಿಸಿ ಹೇನು ಒಂದೂ ಇಲ್ಲ ಅಂತ ನೋಡಿ, ಸೋಪು ನೀರಲ್ಲಿ ತೊಳ್ದು ತನ್ನಿ.

ಹಿರಿಯಡ್ಕ_ತೋಟ:

ಎಲ್ಲರಿಗೂ, 16 ದಿನ ಆದ್ಮೇಲೆ ಬರೀತಿದ್ದೇನೆ, ತಡ ಆಯ್ತು.

ಮೊದ್ಲ ಸಲ ಅಮ್ಮ ಮತ್ತೆ ನಾನು ಹೋದಾಗ ಅಜ್ಜಿ ಒಪ್ಲಿಲ್ಲ. ಕೋಪ ಮಾಡ್ಲಿಲ್ಲ, ಚಾ ಕೊಟ್ರು, ಆಯ್ತು ನೋಡುವ ಅಂದ್ರು, ಅಷ್ಟೇ. ನಾನು ಆ ರಾತ್ರಿ ಇನ್ನು ಬಾಳೆಯೇ ಬಿಟ್ಟುಬಿಡುವ ಅಂತ ಯೋಚನೆ ಮಾಡಿದ್ದು ಹೌದು. ಎಂಟು ದಿನ ಬಿಟ್ಟು ಅಜ್ಜಿಯೇ ಬೇಲಿ ಹತ್ರ ಬಂದು ಕರೆದ್ರು. ಹಿಂಡಿನ ದೊಡ್ಡ ಬಾಳೆ, ಈ ವರ್ಷ ದೈವಕ್ಕೆ ಅಂತ ಇಟ್ಟದ್ದು, ಅದ್ರ ಪೂಂಬೆ (ಬಾಳೆ ಹೂ) ತುದೀಲಿ ಬರ್ಲಿಕ್ಕೆ ಜಾಗ ಸಿಗದೆ ದಿಂಡಿನ ಬದಿ ಒಡೆದು ಹೊರಗೆ ಬಂದಿತ್ತು. ಬೆರಳಿನಷ್ಟು ಕಾಯಿ, ನಾಲ್ಕೇ ನಾಲ್ಕು. ಅಜ್ಜಿ ಅದನ್ನ ಮುಟ್ಟಿ ನೋಡಿ, ಇದಕ್ಕೆ ಎಷ್ಟು ಕಷ್ಟ ಆಗಿರ್ಬೇಕು ಮಗ, ತೆಗ್ದುಬಿಡಿ ಅಂದ್ರು. ನನಗೆ ಮಾತೇ ಬರ್ಲಿಲ್ಲ.

ಸಂಜೆ ಸೋಪು ನೀರು ಹೊಡೆದೆವು, ಸಿಪ್ಪೆ ಬಿಡಿಸಿದಾಗ ಒಳಗೆ ಹೇನು ಹೇಗಿತ್ತು ಅಂದ್ರೆ ಸಾಸಿವೆ ಚೆಲ್ಲಿದ ಹಾಗೆ. ಅಜ್ಜಿಗೂ ತೋರಿಸಿದೆ. ಮರುದಿನ ನಾನು, ನನ್ನ ಭಾವ, ಆಚೆ ಮನೆಯವ್ರು ಇಬ್ರು ಸೇರಿ ಮಧ್ಯಾಹ್ನದ ಒಳಗೆ ಇಡೀ ಹಿಂಡು ಗಡ್ಡೆ ಸಮೇತ ತೆಗ್ದೆವು. ಆಚೆ ಮನೆಯವ್ರು ಅಲ್ಲೇ ನಿಂತು ನೋಡಿದವ್ರು, ಸಂಜೆಗೆ ಅವ್ರ ತೋಟದ್ದೂ ಐದು ಬುಡ ಗುರುತು ಮಾಡಿ ಫೋನ್ ಮಾಡಿದ್ರು. ಈಗ ನಮ್ಮ ಓಣಿಯ ನಾಲ್ಕು ಮನೆಯವ್ರು ಹದಿನೈದು ದಿನಕ್ಕೊಮ್ಮೆ ಆದಿತ್ಯವಾರ ಬೆಳಿಗ್ಗೆ ಒಟ್ಟಿಗೆ ಎಲ್ಲರ ಬಾಳೆ ಸುತ್ತಿ ನೋಡುದು ಅಂತ ಮಾತಾಗಿದೆ.

ನಿನ್ನೆ ಅಜ್ಜಿಯನ್ನ ಕರ್ಕೊಂಡು ಹೆಬ್ರಿಗೆ ಹೋಗಿದ್ದೆ. ಅವ್ರು ತವರಿಗೆ ಹೋಗದೆ ಆರು ವರ್ಷ ಆಗಿತ್ತಂತೆ. ಹಿಂಡು ಬಾವಿಕಟ್ಟೆ ಹಿಂದೆ ಹಾಗೇ ಉಂಟು, ಎಲೆ ಅಗಲ ಅಗಲ, ಸುತ್ತ ಬೇರೆ ಬಾಳೆಯೂ ನೋಡಿದೆ, ಎಲ್ಲ ಚಂದ. ಎರಡು ಕಂದು ತೊಳ್ದು ತಂದಿದ್ದೇವೆ. ಹಳೇ ಜಾಗದಲ್ಲಿ ನೆಡ್ಲಿಲ್ಲ, ಅಜ್ಜಿ ಮನೆಯ ಮೇಲಿನ ಗುಡ್ಡೆ ಬದಿ, ನಮ್ಮ ಬಾಳೆಯಿಂದ ಅಳತೆ ಮಾಡಿ 90 ಮೀಟರ್ ಆಗುವಲ್ಲಿ ನೆಟ್ಟೆವು. ನೀರು ನಾನೇ ಹೊತ್ತು ಹಾಕ್ತೇನೆ ಅಂತ ಹೇಳಿದ್ದೇನೆ.

ಕಿನ್ನಿಗೋಳಿ ತಂಗಿ, ಮೊದ್ಲ ಎಲೆ ಬಂದಾಗ ಎಲ್ಲಿ ನೋಡ್ಬೇಕು? ಹಳದಿ ಕಾಣುವಷ್ಟು ದಿನ ಇನ್ನು ನಾನು ಕಾಯುದಿಲ್ಲ.

ಕಿನ್ನಿಗೋಳಿ_ಹುಡುಗಿ:

ಅಣ್ಣ, ಓದಿ ಕಣ್ಣು ತುಂಬಿತು. ಬೆಳಿಗ್ಗೆ ಬಿಸಿಲು ಎಳೆ ಇರುವಾಗ ಹೊಸ ಎಲೆಯನ್ನ ಬೆಳಕಿಗೆ ಅಡ್ಡ ಹಿಡಿದು ಹಿಂಬದಿಯಿಂದ ನೋಡಿ. ನಡುದಿಂಡಿನ ಹತ್ರ, ನರ ಶುರುವಾಗುವಲ್ಲಿ, ಕಡು ಹಸಿರು ಬಣ್ಣದ ಚುಕ್ಕಿ-ಗೆರೆ ಚುಕ್ಕಿ-ಗೆರೆ ಇರ್ತದೆ, ದಿಂಡಿಗೆ ಸೇರುವಲ್ಲಿ ಕೊಕ್ಕೆ ಹಾಗೆ ಬಾಗಿರ್ತದೆ. ಎಲೆ ದಂಟಿನ ಮೇಲೂ ನೋಡಿ. ಬೇರೆ ಏನೂ ಕಾಣುವ ಮೊದ್ಲು ಅದು ಕಾಣ್ತದೆ. ಒಂದೇ ಎಲೆ ನೋಡಿ ನಿಲ್ಲಿಸ್ಬೇಡಿ, ನಾಲ್ಕೈದು ಎಲೆ ಬರುವ ತನಕ ನೋಡ್ತಾ ಇರಿ.

ಹಿರಿಯಡ್ಕ_ತೋಟ:

ಆಯ್ತು. ಅಜ್ಜಿಗೂ ಹೇಳಿಕೊಟ್ಟೆ. ಅವ್ರ ಕಣ್ಣು ನನ್ನದಕ್ಕಿಂತ ಚುರುಕು ಉಂಟು. ಮೊದ್ಲ ಎಲೆ ಬಿಚ್ಚಿದ ದಿನ ಫೋಟೋ ಹಾಕ್ತೇನೆ.